ಉಡಿಯ ದೋಣಿ

ಕಳೆದ ಮಳೆಗಾಲದಲ್ಲಿ ಮೊಮ್ಮಗಳಿಗೆ ಗಂಡು ನೋಡಲೆಂದು ಇಂಡಿಗೆ ಹೊರಟಿದ್ದೆವು. ಭೀಮಾ ಹೊಳೆಯ ಸೇತುವೆಯ ನಟ್ಟನಡುವೆ ಲಾರಿಯೊಂದು ಕೆಟ್ಟು ನಿಂತು, ನಮ್ಮ ಜೀಪು ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ಸಿಕ್ಕಿಕೊಂಡಿತು. ಸೆಕೆಗೆ ಗಾಜು ಇಳಿಸಿದೆ. ಕೆಳಗೆ ಆಗಷ್ಟೇ ಹೊಸ ನೀರು ಬಂದಿತ್ತು. ಹೊಸ ನೀರಿಗೆ ಅದರದೇ ಒಂದು ವಾಸನೆಯಿದೆ. ಮಣ್ಣು, ಕೊಳೆತ ಎಲೆ, ಎಲ್ಲಿಂದಲೋ ಕೊಚ್ಚಿಕೊಂಡು ಬಂದ ಸಗಣಿ, ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಮೊಮ್ಮಗಳು ನೋಡಿ, "ಹೊಟ್ಟಿ ನೋಯಾಕತ್ತದೇನ್ರಿ ದಾದಿ?" ಎಂದಳು. ಇಲ್ಲ ಎಂದೆ. ಸೊಂಟದಲ್ಲಿ ಬೀಗದ ಕೈ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಂಡೆ ಎಂದಿದ್ದರೆ ಮುದುಕಿಗೆ ಅರಳುಮರಳು ಎಂದುಕೊಳ್ಳುತ್ತಿದ್ದಳು.

ಆ ಬೀಗದ ಕೈ ನನ್ನ ಸೊಂಟದಲ್ಲಿದ್ದದ್ದು ಒಂದೇ ಒಂದು ಮಧ್ಯಾಹ್ನ. ಆದರೆ ಅದರ ಕಥೆ ಹೇಳಬೇಕೆಂದರೆ ನಮ್ಮವರ ನೌಕರಿಯ ಕಥೆ ಹೇಳಬೇಕು.

ನಮ್ಮವರು ಜೇವರ್ಗಿಯ ಬಡ ಮೌಲ್ವಿಯೊಬ್ಬರ ಮಗ. ಹೈದರಾಬಾದಿನಲ್ಲಿ ಓದಿ, ಆಳಂದದಲ್ಲಿ ನಾಯಬ್ ತಹಶೀಲ್ದಾರರಾಗಿದ್ದಾಗ ನನ್ನನ್ನು ಮದುವೆಯಾದರು. ನಾನು ಆಳಂದದ ಅರಿವೆ ವ್ಯಾಪಾರಿಯ ಮಗಳು. ನಮ್ಮದು ಮನೆಯೊಳಗೆ ಉರ್ದು, ಅಂಗಡಿಯ ಕಟ್ಟೆಯ ಮೇಲೆ ಕನ್ನಡ. ಪಕ್ಕದ ಮನೆಯ ಮಾಸ್ತರರು ತಮ್ಮ ಮಗಳಿಗೆ ಪಾಠ ಹೇಳುವಾಗ ನಾನೂ ಕೂತು ಕನ್ನಡ ಅಕ್ಷರ ಕಲಿತಿದ್ದೆ. ನಮ್ಮವರಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಿಜಾಮ ಸರ್ಕಾರದ ಕಚೇರಿಯೆಲ್ಲ ಉರ್ದುವಿನಲ್ಲೇ ನಡೆಯುತ್ತಿತ್ತು, ಹಾಗಾಗಿ ಅವರಿಗೆ ಅದು ಬೇಕೆಂದು ಅನ್ನಿಸಿಯೂ ಇರಲಿಲ್ಲ. ಕಾಯಿದೆಯೆಂದರೆ ಅವರಿಗೆ ಪ್ರಾಣ. ಎಂಥ ಬೇಸಿಗೆಯಲ್ಲೂ ಶೇರವಾನಿಯ ಗುಂಡಿ ಕುತ್ತಿಗೆಯವರೆಗೆ ಹಾಕುವವರು. ಊಟಕ್ಕೆ ಕೂತಾಗಲೂ ಒಂದು ಗುಂಡಿ ಸಡಿಲಿಸಿರೆಂದರೆ, ತಾಲ್ಲೂಕಿನ ಮಾನ ಆ ಗುಂಡಿಯಲ್ಲೇ ಇದೆಯೆಂಬಂತೆ ನೋಡುತ್ತಿದ್ದರು.

ನಲವತ್ತೇಳರ ಬೇಸಿಗೆಯಲ್ಲಿ ಬಡ್ತಿ ಬಂತು, ಅಫಜಲಪುರದ ತಹಶೀಲ್ದಾರರಾದರು. ಆಳಂದಕ್ಕೆ ಆಳಂದವೇ ಬಂದು ಮುಬಾರಕ್ ಹೇಳಿತು. ಇಂಗ್ಲಿಷರು ಹೋಗುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ನಮ್ಮ ಸರ್ಕಾರಕ್ಕೂ ಅದಕ್ಕೂ ಸಂಬಂಧವಿದೆ ಎಂದು ನಮ್ಮವರಂತೂ ನಂಬಿರಲಿಲ್ಲ. ಹೈದರಾಬಾದು ಬೇರೆ, ಹಿಂದುಸ್ತಾನ ಬೇರೆ ಎನ್ನುತ್ತಿದ್ದರು. ಎರಡರ ನಡುವೆ ಅಫಜಲಪುರ ತಾಲ್ಲೂಕಿನ ಅಂಚಿನಲ್ಲಿ ಭೀಮಾ ಹರಿಯುತ್ತಿತ್ತು. ಈಚೆ ದಂಡೆ ನಮ್ಮದು, ಆಚೆ ದಂಡೆ ಮುಂಬೈ ಇಲಾಖೆಯ ವಿಜಾಪುರ ಜಿಲ್ಲೆ.

ಕಚೇರಿಗೆ ಅಂಟಿಕೊಂಡೇ ನಮ್ಮ ಮನೆ. ಎತ್ತರದ ಗೋಡೆ, ಒಂದೇ ಅಂಗಳ, ಬೀದಿಗೆ ಜಾಲರಿಯ ಒಂದೇ ಕಿಟಕಿ. ತಹಶೀಲ್ದಾರರ ಹೆಂಡತಿ ಪರದೆಯಿಲ್ಲದೆ ಹೊಸಿಲು ದಾಟುವಂತಿರಲಿಲ್ಲ. ಆಳಂದದಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ಗಿರಾಕಿಗಳ ಜೊತೆ ಜಗಳವಾಡಿ ಬೆಳೆದವಳು ನಾನು. ಅಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು. ದಿನವೆಲ್ಲ ಆ ಕಿಟಕಿಯಲ್ಲಿ ಕೂತು, ಹೋಗುವ ಬರುವ ಎಮ್ಮೆಗಳ ಗುರುತು ಹಿಡಿಯುವುದು ನನ್ನ ಕೆಲಸವಾಗಿತ್ತು.

ಆಗಸ್ಟ್ ಹದಿನೈದರಂದು ನಮ್ಮವರು ಹೊಳೆಯ ದಂಡೆಯ ಹಳ್ಳಿಯೊಂದರಲ್ಲಿ ಕ್ಯಾಂಪು ಹಾಕಿದ್ದರು. ಗಾಣಗಾಪುರಕ್ಕಿಂತ ಮೇಲೆ, ದೋಣಿಯಲ್ಲಿ ಹೊಳೆ ದಾಟುವ ಒಂದು ಸಣ್ಣ ಊರು. ಈಚೆ ಯಾರೂ ಬಾವುಟ ಏರಿಸಬಾರದು, ಗುಂಪು ಸೇರಬಾರದು ಎಂದು ಡಂಗುರ ಸಾರಿಸುವುದು ಅವರ ಪಾಲಿಗೆ ಬಂದ ಕೆಲಸ. ಆಚೆ ದಂಡೆಯಲ್ಲಿ ಬೆಳಗಿನಿಂದ ಹಲಗೆಯ ಸದ್ದು. ಮಧ್ಯಾಹ್ನ ಆಚೆಗೆ ಹೋಗಿ ಬಂದ ಆ ಊರಿನ ಅಂಬಿಗನೊಬ್ಬ ದೋಣಿ ಕಟ್ಟಿ, "ಅಲ್ಲಿ ಎಲ್ಲಾರಿಗೂ ಹಂಚಾಕತ್ತಾರ್ರಿ ಸಾಹೇಬ್ರ" ಎಂದು ಅವರ ಕೈಯಲ್ಲಿ ಒಂದು ಚೂರು ಬೆಲ್ಲ ಇಟ್ಟನಂತೆ. ಯೋಚಿಸುವ ಮೊದಲೇ ಅದು ಬಾಯಿಗೆ ಹೋಯಿತು. ಆಮೇಲೆ ತಮ್ಮದೇ ಪೊಲೀಸಿನವನು ನೋಡುತ್ತಿರುವುದು ಕಂಡಿತು, ತೋಳಿನಿಂದ ಬಾಯಿ ಒರೆಸಿಕೊಂಡರು. ಮನೆಗೆ ಬಂದು ನನಗೊಬ್ಬಳಿಗೇ ಹೇಳಿದರು. ಶೇರವಾನಿಯ ತೋಳಿನಲ್ಲಿ ಬಾಯಿ ಒರೆಸಿಕೊಂಡಿರಾ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಸುತ್ತಲಿನ ಗೋಡೆ ಒಂದೊಂದು ಗೇಣು ಒಳಕ್ಕೆ ಸರಿದಂತೆ ಆಯಿತು. ಸರ್ಕಾರದ ಪರವಾಗಿ ಖಾಕಿ ತೊಟ್ಟ ದಳವೊಂದು ಹಳ್ಳಿ ಹಳ್ಳಿಯಲ್ಲಿ ತಿರುಗತೊಡಗಿತು. ಹಿಂದುಸ್ತಾನಕ್ಕೆ ಸೇರಬೇಕೆಂದವರ ಮನೆ ಸುಡುವುದು, ಕಾಳು ಹೊರಿಸಿಕೊಂಡು ಹೋಗುವುದು ಅವರ ಆಡಳಿತ. ಗಂಡಸರು ಒಬ್ಬೊಬ್ಬರಾಗಿ ಹೊಳೆ ದಾಟಿ ಆಚೆಯ ಶಿಬಿರ ಸೇರಿದರು. ದಳದ ಮುಂದಾಳು ಕಚೇರಿಗೆ ಬಂದರೆ ನಮ್ಮವರ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ನಮ್ಮವರು ಮೇಲಿನವರಿಗೆ ಬರೆದರು, ಬರೆದರು, ಬರೆದರು. ದಳದವರು ಹೇಳಿದಂತೆ ನಡೆಸಿಕೊಂಡು ಹೋಗಿ ಎಂದು ಬಾಯಿಮಾತಿನ ಉತ್ತರ ಬಂತು. ರಾಜೀನಾಮೆ ಕೊಡಿ ಎಂದೆ. ಕೊಟ್ಟವನನ್ನು ದ್ರೋಹಿ ಎಂದು ಒಳಗೆ ಹಾಕುತ್ತಾರೆ, ಹೈದರಾಬಾದಿನಲ್ಲಿ ನನ್ನ ತಾಯಿ ಇದ್ದಾಳೆ ಎಂದರು. ಆಚೆ ಹೋಗೋಣ ಎಂದೆ. ನಿಜಾಮನ ತಹಶೀಲ್ದಾರನನ್ನು ಅಲ್ಲಿ ಯಾರು ಹಾರ ಹಾಕಿ ಕರೆಯುತ್ತಾರೆ ಎಂದರು.

ಬೇಸಿಗೆಯ ಕೊನೆಗೆ ಮೇಲಿನಿಂದ ಇನ್ನೊಂದು ಅಪ್ಪಣೆ ಬಂತು. ದೋಣಿಗಳನ್ನೆಲ್ಲ ಈಚೆ ದಂಡೆಗೆ ಎಳೆದು ಸರಪಳಿ ಹಾಕಿ ಬೀಗ ಜಡಿಯಬೇಕು, ಬೀಗದ ಕೈ ತಹಶೀಲ್ದಾರರ ಹತ್ತಿರವೇ ಇರಬೇಕು. ಹೊಳೆ ಬತ್ತಿದಾಗ ಕಾಲಲ್ಲಿ ದಾಟುವ ಜಾಗಗಳನ್ನು ಖಾಕಿಯವರು ಕಾಯುತ್ತಿದ್ದರು. ಹೊಸ ನೀರು ಬಂದರೆ ದೋಣಿಯೇ ಗತಿ, ಅದೂ ಇಲ್ಲದಂತಾಯಿತು. ನಮ್ಮವರು ತಾವೇ ಹೋಗಿ ಬೀಗ ಹಾಕಿ ಬಂದರು. ಜನ ಅವರಿಗೆ ಬೀಗದ ಸಾಹೇಬ ಎಂದು ಹೆಸರಿಟ್ಟರು. ನನ್ನ ಕಿಟಕಿಗೂ ಆ ಹೆಸರು ಕೇಳಿಬಂತು.

ಹೊಸ ನೀರು ಬಂದ ದಿನವೇ ನಮ್ಮವರು ಕ್ಯಾಂಪು ಹಾಕಿದ್ದ ಆ ಹಳ್ಳಿಯ ಅಂಬಿಗನೊಬ್ಬ ಈಜಿ ದಾಟಲು ಹೋಗಿ ಮುಳುಗಿದ. ಬೆಲ್ಲ ಕೊಟ್ಟವನು ಅವನೇ. ಅವನ ದೋಣಿ ದಂಡೆಯಲ್ಲೇ ಸರಪಳಿ ಹಾಕಿಕೊಂಡು ತೇಲುತ್ತಿತ್ತು. ಪಂಚನಾಮೆ ಮಾಡಿ ಬಂದ ನಮ್ಮವರು ಆ ದಿನ ಊಟ ಮಾಡಲಿಲ್ಲ.

ಮರುವಾರ ಅವನ ಅಕ್ಕ ಭೀಮವ್ವ ನಮ್ಮ ಹಿಂಬಾಗಿಲಿಗೆ ಬಂದಳು. ಗಟ್ಟಿ ಮೈಯ, ದೊಡ್ಡ ದನಿಯ ಹೆಂಗಸು. ನಾನು ಹೆದರಿ ಗೋಡೆಗೆ ಆತು ನಿಂತೆ. ಅವಳು ಅಂಗಳದಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಅಮ್ಮಾವ್ರ, ನಿಮ್ಮ ಸಾಹೇಬ್ರು ಬೀಗ ಹಾಕ್ಯಾರ, ನನ್ನ ತಮ್ಮ ಸತ್ತಾನ. ಅದನ್ನ ಕೇಳಾಕ ಬಂದಿಲ್ರಿ. ಹೊಸ ನೀರು ಬಂದದ. ಉಡಿ ತುಂಬೂದದ. ಅದಕ ಬಂದೇನಿ."

ಅದು ಹೊಳೆದಂಡೆಯ ಹಳೆಯ ಪದ್ಧತಿ. ಹೊಳೆಗೆ ಹೊಸ ನೀರು ಬಂದರೆ ಹೊಳೆಯೂ ಬಸುರಿ ಹೆಣ್ಣುಮಗಳಿದ್ದಂತೆ, ಅವಳಿಗೆ ಉಡಿ ತುಂಬಬೇಕು. ಹಸಿರು ಸೀರೆ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಉತ್ತತ್ತಿ. ಮೊದಲ ಉಡಿ ತಾಲ್ಲೂಕಿನ ಅಧಿಕಾರ ಹಿಡಿದವನ ಹೆಂಡತಿಯದು. ಅವಳು ಯಾವ ಜಾತಿಯವಳೆಂದು ಯಾರೂ ಕೇಳುತ್ತಿರಲಿಲ್ಲ, ನನಗಿಂತ ಹಿಂದೆ ಇದ್ದ ಬೇಗಂಗಳೂ ತುಂಬಿದ್ದರು. ನಡುಹೊಳೆಗೆ ಹೋಗಿ ತುಂಬಬೇಕು. ಜೊತೆಗೆ ಊರ ಹೆಣ್ಣುಮಕ್ಕಳು ಮಾತ್ರ. ಉಡಿಯ ದೋಣಿಗೆ ಗಂಡಸರು ಹತ್ತುವಂತಿಲ್ಲ, ಅಂಬಿಗರ ಹೆಂಗಸರೇ ಹುಟ್ಟು ಹಾಕಬೇಕು. ಬೇಗಂ ಕೂರುವುದರಿಂದ ದೋಣಿಯ ಸುತ್ತ ಪರದೆ ಕಟ್ಟುತ್ತಿದ್ದರು, ಅವಳು ಹತ್ತಿ ಇಳಿಯುವಾಗ ದಂಡೆಯ ಗಂಡಸರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕಿತ್ತು.

ಅಷ್ಟೇನಾ ಎಂದೆ. ಭೀಮವ್ವ ಹತ್ತಿರ ಸರಿದಳು.

"ನಮ್ಮೂರ ಹೆಣ್ಮಕ್ಕಳು, ಕೂಸು, ಎಲ್ಲಾರೂ ದೋಣಿ ಹತ್ತತಾರ್ರಿ. ಇಳಿಯೂದು ಆ ದಂಡಿಗಿ."

ಖಾಕಿಯವರು ಆಚೆ ಹೋದ ಗಂಡಸರನ್ನು ಹಿಂದಕ್ಕೆ ಕರೆಸಲು ಅವರ ಹೆಂಡಿರು ಮಕ್ಕಳನ್ನು ಹಿಡಿದು ಒಂದು ಕಡೆ ಕೂಡಿಹಾಕುತ್ತಾರೆಂಬ ಸುದ್ದಿ ಹಬ್ಬಿತ್ತು. ಪಕ್ಕದ ಊರಿನಲ್ಲಿ ಹಾಗೆ ಆಗಿಯೂ ಹೋಗಿತ್ತು. ಅಲ್ಲಿ ಏನೇನಾಯಿತೆಂದು ಭೀಮವ್ವ ಹೇಳಿದಳು. ನಾನು ಇಲ್ಲಿ ಬರೆಯುವುದಿಲ್ಲ.

ನಮ್ಮವರಿಗೆ ಮಧ್ಯಾಹ್ನ ಊಟ ಬಡಿಸುತ್ತ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ಮುರಿಯುತ್ತ, ಮುರಿಯುತ್ತ ಪುಡಿ ಮಾಡಿದರು. ಕೊನೆಗೆ, ಉಡಿ ತುಂಬುವುದು ದಸ್ತೂರಿನಲ್ಲಿ, ಅಂದರೆ ಸರ್ಕಾರ ಒಪ್ಪಿದ ರೂಢಿಯಲ್ಲಿ, ಇದೆಯೇ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಹೆಂಗಸರು ಸಾಯುತ್ತಾರೆ ಎಂದರೆ ಇವರಿಗೆ ದಸ್ತೂರು ಬೇಕು. ಇದೆ ಎಂದೆ. ಕೈ ತೊಳೆದು ಹೊರಟುಹೋದರು. ಸಂಜೆ ಕಚೇರಿಯ ಕಾಗದಪತ್ರ ನೋಡುವ ಪೇಷ್ಕಾರರನ್ನು ಕೇಳಿ ಖಾತ್ರಿ ಮಾಡಿಕೊಂಡು, ಖಾಕಿ ಮುಂದಾಳಿಗೂ ಹೇಳಿ ಬಂದಿದ್ದರು. ಅವನು ನಕ್ಕನಂತೆ. ಬೇಗಂಸಾಹೇಬರಿಗೂ ಗೋಡೆ ನೋಡಿ ಬೇಸರವಾಗಿರಬೇಕು, ಹೋಗಿ ಬರಲಿ ಎಂದನಂತೆ.

ಉಡಿಯ ದಿನ ಪರದೆ ಕಟ್ಟಿದ ಬಂಡಿ ಬಾಗಿಲಿಗೆ ಬಂದಾಗ ನಮ್ಮವರು ಒಳಗೆ ಬಂದು ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟರು. ಉದ್ದನೆಯ ಕಬ್ಬಿಣದ ಕೈ. ಉಡಿಗೆ ದೋಣಿ ಬಿಡುವುದು ದಸ್ತೂರು, ತೆಗೆಯುವವಳು ನೀನೇ ಆಗಬೇಕು ಎಂದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಆಚೆ ಇಳಿದವಳು ನೀನೂ ತಿರುಗಿ ಬರಬೇಡ. ಸೊಲ್ಲಾಪುರದಲ್ಲಿ ನಿನ್ನ ಚಿಕ್ಕಪ್ಪ ಇದ್ದಾರೆ."

ಅವರ ಶೇರವಾನಿಯ ಮೇಲಿನ ಗುಂಡಿ ಬಿಚ್ಚಿತ್ತು. ಅದನ್ನು ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡು ಬಂಡಿ ಹತ್ತಿದೆ.

ದಂಡೆಯಲ್ಲಿ ಖಾಕಿಯವರು ಬೆನ್ನು ತಿರುಗಿಸಿ ನಿಂತಿದ್ದರು. ನಮ್ಮವರೂ ಕುರ್ಚಿ ತಿರುಗಿಸಿ ಕೂತಿದ್ದರು. ಬುರ್ಖಾದ ಒಳಗಿನಿಂದ ಕೈ ಚಾಚಿ ಬೀಗ ತೆಗೆದೆ. ಊರ ಹೆಣ್ಣುಮಕ್ಕಳು ತಾಟು ಹಿಡಿದು ಬಂದರು. ಗಂಟು ಹೊರುವಂತಿರಲಿಲ್ಲವಲ್ಲ, ಎಲ್ಲರೂ ಇದ್ದಬದ್ದ ಸೀರೆಗಳನ್ನು ಒಂದರ ಮೇಲೊಂದು ಉಟ್ಟುಕೊಂಡಿದ್ದರು. ಮೂಳೆ ಚಕ್ಕಳವಾಗಿದ್ದ ಹೆಂಗಸರು ಅಂದು ಸಾಹುಕಾರರ ಸೊಸೆಯರ ಹಾಗೆ ಕಂಡರು. ತಾಟಿನ ಅಕ್ಕಿಯೊಳಗೆ ಬೆಳ್ಳಿ ಕಾಲ್ಗಡಗ ಹೂತಿದ್ದವು. ಲಕ್ಷ್ಮವ್ವ ಎಂಬ ಎಳೆವಯಸ್ಸಿನ ತುಂಬು ಬಸುರಿ ನನ್ನ ಪಕ್ಕದಲ್ಲೇ ಕೂತು ನನ್ನ ಬುರ್ಖಾದ ತುದಿ ಹಿಡಿದುಕೊಂಡಳು. ದೋಣಿ ಇಳಿಯುವತನಕ ಬಿಡಲಿಲ್ಲ.

ನಡುಹೊಳೆಯಲ್ಲಿ ಉಡಿ ತುಂಬಿದೆವು. ಹಸಿರು ಸೀರೆ ಕೆಂಪು ನೀರಿನಲ್ಲಿ ಒಮ್ಮೆ ಬಿಚ್ಚಿಕೊಂಡು ಮುಳುಗಿತು. ಎಲ್ಲರೂ ಹಾಡುತ್ತ ಅಳುತ್ತಿದ್ದರು. ಸೆಳವಿಗೆ ದೋಣಿ ಪ್ರತಿ ವರ್ಷವೂ ಕೆಳಗಿನ ತಿರುವಿನ ಜಾಲಿ ಗಿಡಗಳ ಆಚೆಗೆ ಹೋಗಿ ಮುಟ್ಟುತ್ತಿತ್ತು, ಅಲ್ಲಿಂದ ಆಚೆಯವರು ಹಗ್ಗ ಹಾಕಿ ದಂಡೆಗುಂಟ ಮೇಲಕ್ಕೆ ಎಳೆದು ಬಿಡುತ್ತಿದ್ದರು. ಹಾಗಾಗಿ ತಡವಾದರೂ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಜಾಲಿಯ ಮರೆಯಲ್ಲಿ ಅವರ ಗಂಡಂದಿರು ಮೊಣಕಾಲು ನೀರಿನಲ್ಲಿ ಕಾಯುತ್ತ ನಿಂತಿದ್ದರು.

ನಾನೂ ಇಳಿದೆ. ಹಿಂದುಸ್ತಾನದ ಕೆಸರು ನಮ್ಮ ಕೆಸರಿನಷ್ಟೇ ಜಾರುತ್ತಿತ್ತು. ಬುರ್ಖಾದ ಮುಸುಕು ಎತ್ತಿದೆ, ಮುಖಕ್ಕೆ ಗಾಳಿ ಬಡಿಯಿತು. ವರ್ಷದ ಮೇಲಾಗಿತ್ತು ನನ್ನ ಮುಖಕ್ಕೆ ಬಯಲ ಗಾಳಿ ತಾಗಿ. ಇಲ್ಲೇ ಉಳಿದುಬಿಡಲೇ ಅನ್ನಿಸಿತು, ತುಂಬಾ ಅನ್ನಿಸಿತು. ಲಕ್ಷ್ಮವ್ವ "ಬರ್ರಿ ಅಕ್ಕಾರ" ಎಂದು ಕೈ ಹಿಡಿದಳು. ಆಗ ಭೀಮವ್ವ ದೋಣಿಯೊಳಗಿಂದ ನನ್ನನ್ನೇ ನೋಡುತ್ತಿದ್ದಳು. ಅವಳಂತೂ ತಿರುಗಿ ಹೋಗಲೇಬೇಕಿತ್ತು, ಕಣ್ಣಿಲ್ಲದ ಮಾವ ಈಚೆ ಇದ್ದ. ಬೇಗಂ ಇಲ್ಲದೆ ದೋಣಿ ಹೋದರೆ ಪರದೆ ಉಳಿಯುವುದಿಲ್ಲ. ಪರದೆ ಉಳಿಯದಿದ್ದರೆ ಬೀಗದ ಕೈ ಕೊಟ್ಟವರು ಉಳಿಯುವುದಿಲ್ಲ. ಒಬ್ಬರನ್ನು ಬೇಡಿ ಒಂದು ಹಿಡಿ ಬೆಲ್ಲ ಇಸಿದುಕೊಂಡು ಸೆರಗಿಗೆ ಕಟ್ಟಿ ದೋಣಿ ಹತ್ತಿದೆ. ಭೀಮವ್ವ ಒಂದು ಹುಟ್ಟು ನನ್ನ ಕೈಗೆ ಕೊಟ್ಟಳು.

ಮೇಲಿನಿಂದ ಓರೆಯಾಗಿ ಈಚೆಗೆ ಬಂದೆವು. ನನ್ನ ಅಂಗೈಗಳ ಚರ್ಮ ಸುಲಿದಿತ್ತು. ದಂಡೆ ಮುಟ್ಟುವಾಗ ಭೀಮವ್ವ ಗಂಡಸರಿಗೆ ಮುಖ ತಿರುಗಿಸಿಕೊಳ್ಳಲು ಕೂಗಿ ಹೇಳಿದಳು. ಆಮೇಲೆ ಆ ಖಾಲಿ ದೋಣಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದಳು.

"ಲಕ್ಷ್ಮವ್ವ, ಸಾವಕಾಶ ಇಳಿ ಬೇ, ಬಸುರಿ ಇದ್ದೀ. ನೀಲವ್ವ, ಕೂಸಿನ್ನ ಇತ್ತ ಕೊಡು. ಶಿವಲಿಂಗವ್ವ, ತಾಟು ಮರಿಬ್ಯಾಡ."

ನಾನು ಬಳೆ ಕುಲುಕಿದೆ, ಕೆಮ್ಮಿದೆ, ನೀರಿನಲ್ಲಿ ಕಾಲು ಬಡಿದು ಇಳಿದೆ, ಮತ್ತೆ ಹತ್ತಿ ಮತ್ತೆ ಇಳಿದೆ. ಇಬ್ಬರೇ ಸೇರಿ ಒಂದು ಊರನ್ನು ದಂಡೆಗೆ ಇಳಿಸಿದೆವು. ಅವರೆಲ್ಲ ದಂಡೆಯ ಕೆಳಗಿನ ದಾರಿ ಹಿಡಿದು ಊರು ಸೇರಿದರೆಂದು ಖಾಕಿಯವರು ತಿಳಿದಿರಬೇಕು. ನಾನು ದೋಣಿಗೆ ಮತ್ತೆ ಬೀಗ ಹಾಕಿ, ಬಂಡಿಯೊಳಗೆ ಹೋಗಿ ಪರದೆ ಎಳೆದ ಮೇಲೆಯೇ ಅವರು ಮುಖ ತಿರುಗಿಸಿದ್ದು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ನಮ್ಮವರು ಯಾಕೆ ಬಂದೆ ಎಂದು ಬೈದರು. ಕಣ್ಣಲ್ಲಿ ನೀರು ತುಂಬಿಕೊಂಡು ಬೈದರು. ನೀವು ಇಲ್ಲಿದ್ದೀರಲ್ಲ ಎಂದೆ. ಬೀಗದ ಕೈ ಕೊಟ್ಟು ಬೆಲ್ಲವನ್ನೂ ಕೊಟ್ಟೆ. ಬಾಗಿಲು ಹಾಕಿತ್ತು, ಯಾರೂ ಇರಲಿಲ್ಲ, ಆದರೂ ತಿಂದ ಮೇಲೆ ತೋಳಿನಿಂದ ಬಾಯಿ ಒರೆಸಿಕೊಂಡರು.

ಊರು ಖಾಲಿಯಾದದ್ದು ಖಾಕಿಯವರಿಗೆ ತಿಳಿಯಲು ಕೆಲವು ದಿನ ಹಿಡಿಯಿತು. ದೋಣಿಗೆ ಬೀಗ ಹಾಗೇ ಇತ್ತು, ಬೀಗದ ಕೈ ತಹಶೀಲ್ದಾರರ ಸೊಂಟದಲ್ಲೇ ಇತ್ತು. ಮುಂದಾಳಿಗೆ ಅನುಮಾನ ಬಂದಿರಲಿಕ್ಕೂ ಸಾಕು. ಆದರೆ ತಾನೇ ಬೆನ್ನು ತಿರುಗಿಸಿ ನಿಂತಿದ್ದ ಮಾತನ್ನು ಯಾರ ಮುಂದೆ ಹೇಳಿಯಾನು? ನಮ್ಮವರ ಮೇಲೆ ಕಾವಲು ಇಟ್ಟ. ಅಂಗಳದ ಹೊರಗೆ ಯಾವಾಗಲೂ ಇಬ್ಬರು ಖಾಕಿಯವರು ಕೂತಿರುತ್ತಿದ್ದರು. ಆ ಮಳೆಗಾಲವನ್ನು ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದೆವು.

ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಸೈನ್ಯ ಬಂತು. ಖಾಕಿಯವರು ಬಟ್ಟೆ ಬಿಚ್ಚಿ ಬಾವಿಗೆಸೆದು ಓಡಿದರು. ಸರ್ಕಾರವೇ ಕೆಲವು ದಿನಗಳಲ್ಲಿ ಮುಗಿದುಹೋಯಿತು. ನಮ್ಮವರು ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು ಕಚೇರಿಯಲ್ಲಿ ಕೂತು, ಹೊಸ ಅಧಿಕಾರಿಗೆ ಖಜಾನೆಯ ಕೈ, ದಫ್ತರದ ಕೈ, ದೋಣಿಯ ಕೈ ಎಲ್ಲ ಒಪ್ಪಿಸಿದರು. ದೋಣಿಗೆ ಬೀಗ ಹಾಕಿದ್ದು ಯಾರೆಂದು ಆ ಅಧಿಕಾರಿ ಕೇಳಿದಾಗ ನಮ್ಮವರು ನಾನೇ ಎಂದರು. ಆ ಗಳಿಗೆಯೇ ಹಿಡಿದು ಕಲಬುರ್ಗಿಯ ಜೈಲಿಗೆ ಕಳಿಸಿದರು. ಕರೆದೊಯ್ಯುವ ಮೊದಲು, ಉಡಿಯ ದಿನದ ಮಾತು ಹೇಳಿರೆಂದು ನಾನು ಬಾಗಿಲ ಸಂದಿಯಿಂದ ಕೈಮುಗಿದೆ. ಅವರು ನನ್ನ ಹತ್ತಿರ ಬಂದು, "ಭೀಮವ್ವನ ತಮ್ಮ ಮುಳುಗಿದ್ದು ನನ್ನ ಬೀಗದಿಂದ. ಒಂದು ದಿನದ ಮಾತು ಹೇಳಿ ಅದನ್ನು ತೊಳೆದುಕೊಳ್ಳಲಾರೆ" ಎಂದರು. ಆ ಕಾಯಿದೆಯ ಮನುಷ್ಯನ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ, ಅಷ್ಟು ಪ್ರೀತಿಯೂ ಬಂದಿಲ್ಲ.

ಆಮೇಲಿನ ವಾರಗಳು ನಮ್ಮವರಿಗೆ, ಅಂದರೆ ಮುಸಲ್ಮಾನರಿಗೆ, ಕೆಟ್ಟ ವಾರಗಳು. ಖಾಕಿಯವರ ಮೇಲಿನ ಸಿಟ್ಟು ಸಿಕ್ಕಸಿಕ್ಕವರ ಮೇಲೆ ತಿರುಗಿತು. ಹಳ್ಳಿಗಳಿಂದ ಹೊಗೆ ಏಳುವುದು ಜಾಲರಿಯ ಕಿಟಕಿಗೆ ಕಾಣುತ್ತಿತ್ತು. ನಾನು ಒಬ್ಬಳೇ ಒಳಗಿನಿಂದ ಅಗುಳಿ ಹಾಕಿ ಕೂತಿದ್ದೆ. ತಹಶೀಲ್ದಾರನ ಮನೆಯಿದು ಎಂದು ಬೀದಿಯಲ್ಲಿ ಯಾರೋ ತೋರಿಸಿಕೊಡುವುದನ್ನೂ ಕೇಳಿಸಿಕೊಂಡೆ. ಒಂದು ಬೆಳಿಗ್ಗೆ ಹಿಂಬಾಗಿಲು ಬಡಿದ ಸದ್ದಾಯಿತು. ಕಲಿಮಾ ಹೇಳಿಕೊಂಡು ತೆರೆದೆ. ಭೀಮವ್ವ ನಿಂತಿದ್ದಳು. ಅವಳ ಹಿಂದೆ ಶಿಬಿರದಿಂದ ತಿರುಗಿ ಬಂದ ಹೆಣ್ಣುಮಕ್ಕಳು, ಅವರ ಹಿಂದೆ ಒಂದು ಬಂಡಿ.

ಅಂಗಳದಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಹಸಿರು ಸೀರೆ ಉಡಿಸಿ, ಬುರ್ಖಾ ಮಡಚಿ ಅಕ್ಕಿಯ ಗಂಟಿನ ಕೆಳಗಿಟ್ಟರು. ಭೀಮವ್ವ ನನ್ನ ಹಣೆಗೆ ಕುಂಕುಮ ಇಡಲು ಬಂದು ಕೈ ತಡೆದು, "ಇಡ್ಲ್ಯಾ?" ಎಂದು ಕೇಳಿದಳು. ಇಡು ಎಂದೆ. ಮಗಳನ್ನು ತವರಿಗೆ ಕಳಿಸುವವರಂತೆ ಎಲ್ಲರೂ ನನ್ನೊಂದಿಗೆ ಬಂಡಿ ಹತ್ತಿದರು. ಆಳಂದಕ್ಕೆ ದಾರಿ.

ಚೌಡಾಪುರದ ಹತ್ತಿರ ಕೊಡಲಿ ಹಿಡಿದ ಗುಂಪೊಂದು ಬಂಡಿ ನಿಲ್ಲಿಸಿತು. ಒಳಗೆ ಯಾರು, ಎಲ್ಲರೂ ಇಳಿಯಲಿ ಎಂದರು. ಭೀಮವ್ವ ಬಂಡಿಯ ಹಿಂದೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತು, ಅವರಿಗೆ ಉತ್ತರ ಕೊಡದೆ, ಅದೇ ದೊಡ್ಡ ದನಿಯಲ್ಲಿ ಹೆಸರು ಕರೆಯತೊಡಗಿದಳು.

"ಲಕ್ಷ್ಮವ್ವ."

"ಹೂಂ ಯವ್ವಾ," ಎಂದಳು ಲಕ್ಷ್ಮವ್ವ. ಅವಳ ತೊಡೆಯ ಮೇಲೆ ಶಿಬಿರದಲ್ಲಿ ಹುಟ್ಟಿದ ಕೂಸು.

"ನೀಲವ್ವ. ಶಿವಲಿಂಗವ್ವ."

ಒಬ್ಬೊಬ್ಬರೂ ಓಗೊಟ್ಟರು. ಅಂದು ಖಾಲಿ ದೋಣಿಯಲ್ಲಿ ಕರೆದಾಗ ಬಾರದ ಉತ್ತರಗಳೆಲ್ಲ ಈಗ ನನ್ನ ಎಡಕ್ಕೂ ಬಲಕ್ಕೂ ಬರುತ್ತಿದ್ದವು. ಮುಂದೆ ಕರೆಯಲು ಹೆಸರು ಉಳಿದಿರಲಿಲ್ಲ. ಭೀಮವ್ವ ನನ್ನ ಕಡೆ ತಿರುಗಿದಳು.

"ಗಂಗವ್ವ."

ಉಡಿ ತುಂಬುವಾಗ ಅವರು ಹೊಳೆಯನ್ನು ಕರೆಯುವ ಹೆಸರು ಅದು. ಲಕ್ಷ್ಮವ್ವ ನನ್ನ ತೊಡೆ ಚಿವುಟಿದಳು. "ಹೂಂ ಯವ್ವಾ," ಎಂದೆ. ಬಂಡಿ ಮುಂದೆ ಹೋಯಿತು.

ಮುಂದಿನ ಬೇಸಿಗೆಯಲ್ಲಿ ನಮ್ಮವರು ಜೈಲಿನಿಂದ ಆಳಂದಕ್ಕೆ ಬಂದರು. ಕೆಲಸ ಹೋಗಿತ್ತು. ಕಚೇರಿಯಲ್ಲಿ ಉರ್ದುವಿನ ಕಾಲವೂ ಮುಗಿಯುತ್ತ ಬಂದಿತ್ತು. ತಾಲ್ಲೂಕು ಆಳಿದವರು ಆಳಂದದ ಕಚೇರಿಯ ಎದುರಿನ ಬೇವಿನ ಮರದಡಿ ಕೂತು ಜನರಿಗೆ ಅರ್ಜಿಯ ಒಕ್ಕಣೆ ಹೇಳುತ್ತಿದ್ದರು. ಮನೆಯಲ್ಲಿ ಅದನ್ನು ಕನ್ನಡದಲ್ಲಿ ನಾನು ಬರೆದುಕೊಡುತ್ತಿದ್ದೆ. ಆ ಅಕ್ಷರವೇ ಮುಂದೆ ನನ್ನನ್ನು ಶಾಲೆಯ ಮಾಸ್ತರಿಕೆಗೆ ಕರೆದೊಯ್ಯಿತು, ಪರದೆಯೂ ಅಲ್ಲಿಗೇ ಹೋಯಿತು.

ಅವರು ಜೈಲಿನಿಂದ ಬಂದ ವರ್ಷದ ಆಗಸ್ಟ್ ಹದಿನೈದರಂದು ನಾನು ಅವರಿಗೆ ಬುತ್ತಿ ಒಯ್ದಿದ್ದೆ. ಕಚೇರಿಯ ಮೇಲೆ ಬಾವುಟ ಹಾರುತ್ತಿತ್ತು. ಜವಾನನೊಬ್ಬ ತಟ್ಟೆ ಹಿಡಿದು ಹೊರಗೆ ಬಂದು ಮರದಡಿ ಕೂತವರಿಗೂ ಬೆಲ್ಲ ಹಂಚಿದ. ನಮ್ಮವರು ಎರಡೂ ಕೈಯಲ್ಲಿ ತೆಗೆದುಕೊಂಡು ತಿಂದರು. ತಿಂದು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ತೋಳಿನಿಂದ ಬಾಯಿ ಒರೆಸಿಕೊಂಡರು.

"ಈಗ ಯಾರೂ ನೋಡುತ್ತಿಲ್ಲ," ಎಂದೆ.

"ಗೊತ್ತು," ಎಂದರು. ಇನ್ನೊಂದು ಸಲ ಒರೆಸಿಕೊಂಡರು.